ಐದು ಜನ, ಒಂದು ಕಾರು, 4200 ಕಿಲೋಮೀಟರ್: ಏನೇನು ಲೆಕ್ಕ ಹಾಕಬೇಕು?

ದಾರಿಹೋಕ
ಎಲ್ಲರಿಗೂ ನಮಸ್ಕಾರ. ದೇಶದ ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಹೋಗುವ ಯೋಜನೆ. ಐವರು ಗೆಳೆಯರು, ಐದು ಸೀಟಿನ ಪೆಟ್ರೋಲ್ ಕಾರು ಒಂದು, ಒಟ್ಟು 4200 ಕಿ.ಮೀ., ಕೈಯಲ್ಲಿರುವುದು 10 ದಿನ. ಮೂವರಿಗೆ ಲೈಸೆನ್ಸ್ ಇದೆ. ಹೆದ್ದಾರಿ ಬಿಟ್ಟು ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗಳಲ್ಲಿ, ಜನರ ಜೊತೆ ಮಾತಾಡಿಕೊಂಡು ಹೋಗಬೇಕು ಅಂತ ಆಸೆ. ದಿನಕ್ಕೆ ಎಷ್ಟು ಓಡಿಸಬಹುದು? ಕಾರಿಗೆ ಏನೇನು ಮಾಡಿಸಬೇಕು? ದುಡ್ಡಿನ ಲೆಕ್ಕ ಹೇಗೆ? ದಾರಿಯಲ್ಲಿ ಯಾರಾದರೂ ಲಿಫ್ಟ್ ಕೇಳಿದರೆ? "ಮಜಾ ಮಾಡಿ" ಅನ್ನೋ ಉತ್ತರ ಬೇಡ, ದಯವಿಟ್ಟು ಅಂಕಿ ಸಮೇತ ಹೇಳಿ.

ಮೈಲಿಗಲ್ಲು
ಅಂಕಿ ಕೇಳಿದ್ದೀರಿ, ತಗೊಳ್ಳಿ. 4200 ಭಾಗಿಸು 10, ದಿನಕ್ಕೆ 420. ಕೇಳೋಕೆ ಸಲೀಸು. ಆದರೆ ಮುಳ್ಳು 80 ತೋರಿಸಿದ ಮಾತ್ರಕ್ಕೆ ಗಂಟೆಗೆ 80 ಕಿ.ಮೀ. ಸಾಗುವುದಿಲ್ಲ. ಪೆಟ್ರೋಲ್, ಊಟ, ಶೌಚ, ಊರೊಳಗಿನ ದಟ್ಟಣೆ, ದಾರಿ ತಪ್ಪಿ ವಾಪಸ್ ಬರುವುದು ಎಲ್ಲ ಸೇರಿಸಿ, ಬೆಳಿಗ್ಗೆ ಹೊರಟಾಗಿನಿಂದ ಸಂಜೆ ಕಾರು ನಿಲ್ಲಿಸುವವರೆಗೆ ಲೆಕ್ಕ ಹಾಕಿದರೆ ಸಣ್ಣ ರಸ್ತೆಯಲ್ಲಿ ಗಂಟೆಗೆ 40–45 ಸಿಕ್ಕರೆ ಹೆಚ್ಚು. ಅಂದರೆ 420 ಕಿ.ಮೀ.ಗೆ ಹತ್ತು ಗಂಟೆ. ಹತ್ತು ದಿನವೂ ಹತ್ತು ಗಂಟೆ ಕಾರಲ್ಲೇ ಕೂತರೆ ಯಾರ ಜೊತೆ ಮಾತಾಡುತ್ತೀರಿ? ಕಿಟಕಿಯಿಂದ ಕೈ ಬೀಸಬಹುದು, ಅಷ್ಟೇ.

ಇದಕ್ಕೆ ಇರುವುದು ಎರಡೇ ದಾರಿ. ಒಂದೋ ದೂರ ಕಡಿಮೆ ಮಾಡಿ, ಇಲ್ಲವೇ ದಿನ ಹೆಚ್ಚಿಸಿ. 15 ದಿನ ಹೊಂದಿಸಿಕೊಂಡರೆ 12 ದಿನ ಓಟ, ದಿನಕ್ಕೆ 350, ಮೂರು ದಿನ ಖಾಲಿ. ಈ ಖಾಲಿ ದಿನಗಳನ್ನು ಕೊನೆಗೆ ಕೂಡಿಡಬೇಡಿ. 5, 9, 13ನೇ ದಿನ ಅಂತ ಮಧ್ಯೆ ಮಧ್ಯೆ ಇಡಿ. ಎರಡನೇ ದಿನವೇ ಗಾಡಿ ಕೆಟ್ಟು ಅರ್ಧ ದಿನ ಹೋದರೆ ಐದನೇ ದಿನದಿಂದ ಸಾಲ ತೆಗೆಯಬಹುದು. ತಂಗುವ ಜಾಗ ಮೊದಲ ರಾತ್ರಿಗೆ ಮಾತ್ರ ಮುಂಗಡ ಗೊತ್ತು ಮಾಡಿ. ಮಿಕ್ಕಿದ್ದನ್ನೆಲ್ಲ ಮೊದಲೇ ಕಾಯ್ದಿರಿಸಿದರೆ, ಯಾರೋ "ಇಲ್ಲೇ ಹತ್ತಿರ ಕೆರೆ ಇದೆ, ನೋಡ್ಕೊಂಡು ಹೋಗಿ" ಅಂದಾಗ ನಿಲ್ಲೋಕಾಗಲ್ಲ.

ವೇಗದೂತ
ಇದು ಅತಿ ಆಯ್ತು ಸರ್. ಮೂವರು ಚಾಲಕರಿದ್ದಾರೆ, ಸರದಿ ಮೇಲೆ ಓಡಿಸಿದರೆ ದಿನಕ್ಕೆ 800 ಕೂಡ ಕಷ್ಟವಲ್ಲ.

ಮೈಲಿಗಲ್ಲು
ನಾಲ್ಕು ಪಥದ ಬೇಲಿ ಹಾಕಿದ ಹೆದ್ದಾರಿಯಲ್ಲಿ ನಿಮ್ಮ ಮಾತು ಸರಿ. ಅವರು ಕೇಳಿದ್ದು ಊರೊಳಗಿನ ರಸ್ತೆ. ಅಲ್ಲಿ ದನ, ಸೈಕಲ್, ಶಾಲೆ ಬಿಟ್ಟ ಮಕ್ಕಳು, ಫಲಕವಿಲ್ಲದ ರಸ್ತೆಯುಬ್ಬು ಎಲ್ಲ ಇರುತ್ತವೆ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಓಡಿಸಲೇಬಾರದು ಅನ್ನುವುದು ನನ್ನ ಮತ. ಹಾಗಾದರೆ ದಿನಕ್ಕೆ ಉಳಿಯುವ ಬೆಳಕೇ ಹನ್ನೊಂದು-ಹನ್ನೆರಡು ಗಂಟೆ.

ಸ್ಟೆಪ್ನಿ
ಯಾರೂ ತೂಕದ ಮಾತೇ ಎತ್ತಲಿಲ್ಲ. ಐದು ಜನ ಅಂದ ತಕ್ಷಣ ನನ್ನ ಮೊದಲ ಪ್ರಶ್ನೆ ಅದೇ. ಕಾರಿನ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕ, ಖಾಲಿ ಗಾಡಿಯ ತೂಕ ಎರಡೂ ಇರುತ್ತವೆ. ಒಂದರಲ್ಲಿ ಇನ್ನೊಂದು ಕಳೆದರೆ ಹೊರಬಲ್ಲ ಭಾರ ಸಿಗುತ್ತದೆ. ಉದಾಹರಣೆಗೆ 1500ರಲ್ಲಿ 1070 ಕಳೆದರೆ 430 ಕೆ.ಜಿ. ತಲಾ 70 ಕೆ.ಜಿ. ಅಂದರೂ ಐವರಿಗೆ 350 ಮುಗಿಯಿತು. ಉಳಿದದ್ದು 80. ಅದರಲ್ಲಿ ಮೇಲಿನ ಕ್ಯಾರಿಯರ್ 15, ಕುಡಿಯುವ ನೀರು 20, ಸಲಕರಣೆ 10. ಬಟ್ಟೆಬರೆಗೆ ಉಳಿದದ್ದು 35, ತಲೆಗೆ 7 ಕೆ.ಜಿ. ಅಷ್ಟೇ ಸ್ವಾಮಿ. ಚಕ್ರದ ಸೂಟ್‌ಕೇಸ್ ಖಾಲಿ ಇದ್ದಾಗಲೇ ಮೂರ್ನಾಲ್ಕು ಕೆ.ಜಿ. ತೂಗುತ್ತದೆ, ಬೇಡ. ಬಟ್ಟೆಯ ಚೀಲವೇ ಇರಲಿ, ಸಂದಿಯಲ್ಲೂ ತೂರಿಸಬಹುದು. (ಕೆಲವು ತಯಾರಕರು ಖಾಲಿ ತೂಕದಲ್ಲೇ ಚಾಲಕನ 75 ಕೆ.ಜಿ. ಸೇರಿಸಿರುತ್ತಾರೆ. ಕೈಪಿಡಿ ಓದಿ ನೋಡಿ, ಆ ಲೆಕ್ಕದಲ್ಲಿ ನಿಮಗೆ ಸ್ವಲ್ಪ ಹೆಚ್ಚು ಸಿಗಬಹುದು.)

ಛಾವಣಿಗೆ ಬೇರೆಯೇ ಮಿತಿ ಇದೆ, ಕ್ಯಾರಿಯರ್ ತೂಕ ಅದರೊಳಗೇ ಬರುತ್ತದೆ. ಮೇಲೆ ಹಗುರ ಸಾಮಾನು, ಅಂದರೆ ಹಾಸಿಗೆ, ಟೆಂಟು ಮಾತ್ರ. ನೀರಿನ ಕ್ಯಾನು, ಸಲಕರಣೆ ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡಿರಲಿ. ಭಾರವೆಲ್ಲ ಮೇಲಿದ್ದರೆ ತಿರುವಿನಲ್ಲಿ ಕಾರು ವಾಲುತ್ತದೆ, ಬ್ರೇಕ್ ಹಿಡಿದಾಗ ಕಟ್ಟಿದ್ದು ಸಡಿಲವಾಗಿ ಮುಂದಕ್ಕೆ ಜಾರುತ್ತದೆ. ಹಗ್ಗ ಕಟ್ಟಿ ಹೊರಟು 20 ಕಿ.ಮೀ. ಆದಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ, ಮೊದಲ ಕಟ್ಟು ಯಾವಾಗಲೂ ಸಡಿಲಾಗುತ್ತದೆ.

ಟೈರಿನ ಗಾಳಿ: ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ, ಇಬ್ಬರಿದ್ದಾಗ ಒಂದು, ಪೂರ್ತಿ ತುಂಬಿದಾಗ ಇನ್ನೊಂದು. ನಿಮಗೆ ಎರಡನೆಯದು. ಬೆಳಿಗ್ಗೆ ತಣ್ಣಗಿರುವಾಗಲೇ ಅಳೆಯಿರಿ. ಓಡಿ ಬಿಸಿಯಾದಾಗ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದು ಸಹಜ. "ಜಾಸ್ತಿಯಾಯ್ತು" ಅಂತ ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹೆಚ್ಚು ಟೈರ್ ಸಿಡಿಯುವುದು ಗಾಳಿ ಕಡಿಮೆ ಇದ್ದು, ಭಾರ ಹೆಚ್ಚಿದ್ದು, ಪಕ್ಕದ ಗೋಡೆ ಮಡಿಚಿ ಮಡಿಚಿ ಕಾದಾಗ. ಗಾಳಿ ಹೆಚ್ಚಾಗಿ ಅಲ್ಲ.

ಟೈರಿನ ವಯಸ್ಸು ಪಕ್ಕದ ಗೋಡೆಯ ನಾಲ್ಕು ಅಂಕಿಯಲ್ಲಿದೆ. 2319 ಅಂದರೆ 2019ರ 23ನೇ ವಾರದ್ದು. ಸ್ಟೆಪ್ನಿಯದನ್ನೂ ನೋಡಿ, ಅದು ಕಾರಿನಷ್ಟೇ ಹಳೆಯದಿರುತ್ತದೆ, ಗಾಳಿಯಂತೂ ಇರುವುದೇ ಇಲ್ಲ. ನಿಮ್ಮದು ತೆಳು ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ವೇಗದ ಮಿತಿ 80. ಕೊನೆಯದಾಗಿ, ಅಲಾಯ್ ಚಕ್ರಕ್ಕೆ ಕಳ್ಳರ ಭಯಕ್ಕೆ ಹಾಕಿದ ಬೀಗದ ನಟ್ ಇದ್ದರೆ ಅದರ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ.

ಕುತೂಹಲಿ
ನೈಟ್ರೋಜನ್ ತುಂಬಿಸಿದರೆ ಒಳ್ಳೆಯದಾ?

ಸ್ಟೆಪ್ನಿ
ಮಾಮೂಲಿ ಗಾಳಿಯಲ್ಲೇ 78 ಪ್ರತಿಶತ ನೈಟ್ರೋಜನ್ ಇದೆ. ಸಿಕ್ಕಿದ ಕಡೆ ಸಿಕ್ಕಿದ ಗಾಳಿ ಹಾಕಿಸಿ. ಗಾಳಿ ಅಳೆಯುವ ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ, ಬಂಕಿನ ಗೇಜ್‌ಗಳು ಒಂದೊಂದು ಒಂದೊಂದು ಹೇಳುತ್ತವೆ.

ಎಣ್ಣೆಕೈ
ಸರ್ವಿಸ್ ಬಗ್ಗೆ ಎಲ್ಲರೂ ಮಾಡುವ ತಪ್ಪು: ಹೊರಡುವ ಹಿಂದಿನ ದಿನ ಮಾಡಿಸುವುದು. ಸರ್ವಿಸ್ ಆದ ಗಾಡಿ ಕೆಡುವುದೇ ಮೊದಲ 200–300 ಕಿ.ಮೀ.ಯಲ್ಲಿ. ಆಯಿಲ್ ಬೋಲ್ಟ್ ಸಡಿಲ, ಹಳೆ ಫಿಲ್ಟರಿನ ರಬ್ಬರ್ ಅಂಟಿಕೊಂಡಿರುವಾಗಲೇ ಹೊಸದು ಕೂರಿಸಿದ್ದು, ಹೋಸ್‌ನ ಕ್ಲಿಪ್ ಮರೆತದ್ದು. ಮೂರು ವಾರ ಮೊದಲೇ ಮಾಡಿಸಿ, ಊರಲ್ಲೇ ಓಡಿಸಿ, ರಾತ್ರಿ ನಿಲ್ಲಿಸುವ ಜಾಗದಲ್ಲಿ ಹಳೆ ರಟ್ಟು ಹಾಸಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಅದೇ ಹೇಳುತ್ತದೆ.

ಮರೆಯುವ ಇನ್ನೊಂದು ವಸ್ತು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಐದು ಜನ ತುಂಬಿಕೊಂಡು ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಕ್ಯಾಲಿಪರ್ (ಚಕ್ರದ ಬಳಿ ಬ್ರೇಕ್ ಹಿಡಿಯುವ ಭಾಗ) ಹತ್ತಿರ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷ ಆಗಿದ್ದರೆ ಬದಲಿಸಿ. ಇಳಿಜಾರಿನಲ್ಲಿ ಎರಡನೇ ಗೇರ್, ಬೇಕಾದರೆ ಮೊದಲನೇದು. ಇಂಜಿನ್ ಕೂಗಿದರೆ ಕೂಗಲಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ಕಾಲು ಸವರಿಕೊಂಡೇ ಇಳಿಯಬೇಡಿ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರಿದ್ದಾರೆ. ಕಾಲಿನ ಒತ್ತಡ ಹೆಚ್ಚಿಸುವ ಬ್ರೇಕಿನ ಬೂಸ್ಟರ್‌ಗೆ ಇಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತವೇ ಬಲ, ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಏರಿನಲ್ಲಿ ಟೆಂಪರೇಚರ್ ಮುಳ್ಳು ಏರತೊಡಗಿದರೆ ಎ.ಸಿ. ಆಫ್, ಹೀಟರ್ ಪೂರ್ತಿ ಆನ್, ಕಿಟಕಿ ಕೆಳಗೆ. ಬೆವರಿ ಬೈದುಕೊಳ್ಳಿ, ಆದರೆ ಇಂಜಿನ್ನಿನ ಶಾಖ ಅಷ್ಟು ಹೊರಬರುತ್ತದೆ. ಕೆಂಪು ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ಕೂಲಂಟ್ ಒತ್ತಡದ ಕಾರಣಕ್ಕೆ 100 ದಾಟಿಯೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿರುಕು ಬಿಡಬಹುದು.

ಬ್ಯಾಟರಿಯನ್ನು ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅಳೆದರೆ 12.6 ವೋಲ್ಟ್ ಇರಬೇಕು. 12.2 ಅಂದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.5 ಇಲ್ಲದಿದ್ದರೆ ತಪ್ಪು ಸಾಮಾನ್ಯವಾಗಿ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನದು, ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ.

ಜಂಪರ್ ಕೇಬಲ್ (ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದನ್ನು ಸ್ಟಾರ್ಟ್ ಮಾಡುವ ತಂತಿ) ಇದ್ದರೆ ದಾರಿಯಲ್ಲಿ ಹೋಗುವ ಯಾವ ಗಾಡಿಯವರೂ ನೆರವಾಗಬಹುದು, ನೀವೂ ನೆರವಾಗಬಹುದು. ಕ್ರಮ ಮಾತ್ರ ತಪ್ಪಬಾರದು. ಸತ್ತ ಬ್ಯಾಟರಿಯ ಪ್ಲಸ್, ಒಳ್ಳೆಯದರ ಪ್ಲಸ್, ಒಳ್ಳೆಯದರ ಮೈನಸ್, ಕೊನೆಯ ಕೊಂಡಿ ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯ ಮೈನಸ್ಸಿಗೇ ಯಾಕಲ್ಲ ಅಂದರೆ ಕೊನೆಯ ಕೊಂಡಿಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿ ಹೈಡ್ರೋಜನ್ ಬಿಡುತ್ತಿರುತ್ತದೆ. ತೆಗೆಯುವಾಗ ಉಲ್ಟಾ ಕ್ರಮ.

ರಾತ್ರಿಪಾಳಿ
ಗಾಡಿ ಆಯಿತು, ಓಡಿಸುವವರ ಕಡೆ ಬರೋಣ. ಮೂವರಿದ್ದರೆ ಎರಡೆರಡು ಗಂಟೆಯ ಸರದಿ. ಸುಸ್ತಾದಾಗ ಬದಲಿಸುವುದಲ್ಲ, ಗಡಿಯಾರ ನೋಡಿ ಬದಲಿಸುವುದು. ಸುಸ್ತಾದವನಿಗೆ ಸುಸ್ತಾಗಿದೆ ಅಂತ ಗೊತ್ತಾಗುವುದೇ ಕೊನೆಗೆ. 17 ಗಂಟೆ ಎದ್ದೇ ಇದ್ದವರ ಚುರುಕು ರಕ್ತದಲ್ಲಿ 0.05 ಪ್ರತಿಶತ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಬೆಳಗಿನ ಜಾವ 4ಕ್ಕೆ ಎದ್ದು ರಾತ್ರಿ 9ಕ್ಕೆ ಸ್ಟೀರಿಂಗ್ ಹಿಡಿದರೆ ಆಯಿತು 17 ಗಂಟೆ.

ಮೈ ಜೋಮು ಹಿಡಿಯುವ ಹೊತ್ತು ಎರಡು, ಮಧ್ಯರಾತ್ರಿ 2ರಿಂದ ಬೆಳಗಿನ 6, ಮಧ್ಯಾಹ್ನ 2ರಿಂದ 4. ಎರಡನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 80ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು ಸುಮಾರು 89 ಮೀಟರ್ ತಾನೇ ಹೋಗಿರುತ್ತದೆ. ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು ಕೆಲವೇ ನಿಮಿಷದ ಮೋಸ. ಕೆಲಸ ಮಾಡುವುದು ಒಂದೇ: ಒಂದು ಲೋಟ ಕಾಫಿ ಕುಡಿದು ತಕ್ಷಣ 15–20 ನಿಮಿಷ ಮಲಗುವುದು. ಕಾಫಿ ತಲೆಗೆ ಏರುವಷ್ಟರಲ್ಲಿ ಎದ್ದಿರುತ್ತೀರಿ. ಅದಕ್ಕಿಂತ ಹೆಚ್ಚು ಮಲಗಿದರೆ ಮಂಪರು.

ಪಕ್ಕದ ಸೀಟಿನವರು ನಿದ್ದೆ ಮಾಡುವಂತಿಲ್ಲ. ಮ್ಯಾಪು, ಫೋನು, ಮುಂದಿನ ಬಂಕು ಅವರ ಕೆಲಸ. ಮಲಗುವವರು ಹಿಂದೆ ಕುಳಿತು, ಬೆಲ್ಟ್ ಹಾಕಿಕೊಂಡೇ ಮಲಗಲಿ. ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚುವ ಚಟ ಇದ್ದವರಿಗೆ ಹೇಳಿಬಿಡಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊಣಕಾಲು ಮುಖಕ್ಕೆ ಬರುತ್ತದೆ. ವಿಮೆಯಲ್ಲಿ ಮೂವರು ಚಾಲಕರಿಗೂ ರಕ್ಷಣೆ ಇದೆಯೇ ಅಂತ ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಹಾಗೆ ನೋಡಿದರೆ ಮೂವರು ಚಾಲಕರು ಅಂದರೆ ಐಷಾರಾಮವೇ. 1909ರಲ್ಲಿ ಆಲಿಸ್ ರ್‍ಯಾಮ್ಸಿ ಅನ್ನುವವರು ಮೂವರು ಗೆಳತಿಯರ ಜೊತೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 59 ದಿನದಲ್ಲಿ ಹೋದರು. ಆ ಮೂವರಲ್ಲಿ ಒಬ್ಬರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ.

ಕೈಚೀಲ
ದುಡ್ಡು. ಹೊರಡುವ ಮೊದಲೇ ಮಾತಾಡದಿದ್ದರೆ ವಾಪಸ್ ಬರುವಷ್ಟರಲ್ಲಿ ನಾಲ್ಕೇ ಗೆಳೆಯರು ಉಳಿದಿರುತ್ತಾರೆ.

ಪೆಟ್ರೋಲ್ ಲೆಕ್ಕ: 4200ಕ್ಕೆ ಸುತ್ತು-ಬಳಸು ಹತ್ತು ಪ್ರತಿಶತ ಸೇರಿಸಿ, 4620. ನಿಮ್ಮ ಕಾರು ಸಾಮಾನ್ಯವಾಗಿ ಲೀಟರಿಗೆ 17 ಕೊಡುತ್ತದೆ ಅಂದರೆ ಭಾರ, ಕ್ಯಾರಿಯರ್ ತಡೆಯುವ ಗಾಳಿ, ಎ.ಸಿ. ಎಲ್ಲ ಕಳೆದು 14 ಅಂತ ಹಿಡಿಯಿರಿ. 330 ಲೀಟರ್. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸುವ ಅಭ್ಯಾಸ ಇರಲಿ, ಸಣ್ಣ ರಸ್ತೆಯಲ್ಲಿ ಮುಂದಿನ ಬಂಕು ಮ್ಯಾಪಿನಲ್ಲಿ ಇರುತ್ತದೆ, ನೆಲದ ಮೇಲೆ ಮುಚ್ಚಿರುತ್ತದೆ.

ಒಂದು ಸಾಮೂಹಿಕ ಹುಂಡಿ. ಐವರೂ ಸಮ ಮೊತ್ತ ಹಾಕಿ, ಪೆಟ್ರೋಲ್, ಸುಂಕ, ಪಾರ್ಕಿಂಗ್, ವಸತಿ, ಪಂಕ್ಚರ್ ಅದರಿಂದ. ಊಟ ಬೇರೆ ಬೇರೆ ಇಟ್ಟರೆ ಒಳ್ಳೆಯದು, ಒಬ್ಬರ ಹಸಿವು ಇನ್ನೊಬ್ಬರ ಜೇಬಿಗೆ ಭಾರವಾಗಬಾರದು. ವೇಗ ಮೀರಿದ ದಂಡ ಓಡಿಸಿದವನದೇ. ಕಾರಿನ ಒಡೆಯನ ಟೈರು, ಆಯಿಲ್, ಕ್ಲಚ್ ಸವೆಯುತ್ತವಲ್ಲ, ಅದಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿ, ಅಥವಾ ಅವನನ್ನು ಪೆಟ್ರೋಲ್ ಪಾಲಿನಿಂದ ಬಿಡಿ. ಅಪಘಾತವಾದರೆ ವಿಮೆ ಕೊಡದೆ ಉಳಿದ ಮೊತ್ತ ಯಾರದು? ಈ ಪ್ರಶ್ನೆ ಕೇಳಲು ಎಲ್ಲರಿಗೂ ಮುಜುಗರ, ಅದಕ್ಕೇ ಈಗಲೇ ಕೇಳಿ. ಲೆಕ್ಕ ಒಬ್ಬರು ಬರೆಯಲಿ, ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಓದಲಿ.

ಊರುಮಾತು
ಜನರ ಜೊತೆ ಮಾತಾಡುವುದಕ್ಕೂ ಒಂದು ಕ್ರಮ ಇದೆ. "ಈ ದಾರಿ ಅಲ್ಲಿಗೆ ಹೋಗುತ್ತಾ?" ಅಂತ ಕೇಳಬೇಡಿ. ಹೊರಗಿನವರನ್ನು ನಿರಾಸೆ ಮಾಡಬಾರದು ಅಂತ ಎಷ್ಟೋ ಜನ "ಹೂಂ" ಅನ್ನುತ್ತಾರೆ. "ಅಲ್ಲಿಗೆ ಯಾವ ಕಡೆಯಿಂದ ಹೋಗಬೇಕು?" ಅಂತ ಕೇಳಿ. ಒಂದೆರಡು ಕಿ.ಮೀ. ಬಿಟ್ಟು ಇನ್ನೊಬ್ಬರನ್ನು ಕೇಳಿ, ಎರಡೂ ತಾಳೆಯಾದರೆ ಮುಂದುವರಿಯಿರಿ. "ಎಷ್ಟು ದೂರ" ಅನ್ನುವುದಕ್ಕಿಂತ "ಕಾರಲ್ಲಿ ಎಷ್ಟು ಹೊತ್ತು" ಅನ್ನುವುದು ಮೇಲು. ನಡೆದು ಹೋಗುವವರ "ಇಲ್ಲೇ ಹತ್ತಿರ" ಬೇರೆ, ಬೈಕಿನವರದು ಬೇರೆ. ರಸ್ತೆಯ ಸ್ಥಿತಿ ಕೇಳಬೇಕಾದದ್ದು ಎದುರಿನಿಂದ ಈಗಷ್ಟೇ ಬಂದ ಲಾರಿ, ಬಸ್ಸಿನ ಚಾಲಕರನ್ನು. ನನ್ನ ಮೆಚ್ಚಿನ ಪ್ರಶ್ನೆ: "ನಿಮ್ಮದೇ ಕಾರಾಗಿದ್ದರೆ ಈ ಹೊತ್ತಿಗೆ ಆ ಕಡೆ ಹೋಗ್ತಿದ್ರಾ?" ಹೌದು-ಇಲ್ಲ ಬಿಟ್ಟು ನಿಜವಾದ ಮಾತು ಆಗ ಹೊರಡುತ್ತದೆ.

ತಪ್ಪು ದಾರಿ ಹೇಳುವುದೂ ಹಳೆಯದೇ. 1903ರಲ್ಲಿ ಹೊರೇಶಿಯೋ ನೆಲ್ಸನ್ ಜಾಕ್ಸನ್ ಮತ್ತು ಅವರ ಮೆಕ್ಯಾನಿಕ್ ಕಾರಿನಲ್ಲಿ ಅಮೆರಿಕ ದಾಟುವಾಗ, ದಾರಿಯಲ್ಲೊಬ್ಬ ಹೆಂಗಸು ಅವರನ್ನು ಬೇಕೆಂದೇ ತನ್ನ ಮನೆಯ ಕಡೆಗೆ ಕಳಿಸಿದಳು. ಮನೆಯವರು ಕಾರನ್ನೇ ನೋಡಿರಲಿಲ್ಲವಂತೆ. ಅವರ ಪಯಣಕ್ಕೆ ಒಟ್ಟು 63 ದಿನ ಹಿಡಿಯಿತು.

ಐದೂ ಜನ ಒಟ್ಟಿಗೆ ಇಳಿದು ಒಬ್ಬರನ್ನು ಸುತ್ತುವರಿಯಬೇಡಿ. ಇಂಜಿನ್ ಆಫ್ ಮಾಡಿ ಇಬ್ಬರು ಇಳಿಯಿರಿ, ಕಪ್ಪು ಕನ್ನಡಕ ತೆಗೆಯಿರಿ, ಎಲ್ಲಿಂದ ಬಂದಿರಿ ಅಂತ ಅವರು ಕೇಳುವ ಮೊದಲೇ ಹೇಳಿ. ಫೋಟೋಗೆ ಮೊದಲು ಒಪ್ಪಿಗೆ. "ಕಳಿಸಿಕೊಡ್ತೀವಿ" ಅಂದರೆ ವಿಳಾಸವನ್ನು ಅಲ್ಲೇ, ಅವರ ಕೈಯಲ್ಲೇ ಬರೆಸಿಕೊಳ್ಳಿ. ಕಳಿಸುವ ಉದ್ದೇಶ ಇಲ್ಲದಿದ್ದರೆ ಆ ಮಾತೇ ಆಡಬೇಡಿ.

ಯಾರಾದರೂ ಮನೆಗೆ ಕರೆದರೆ ಮೊದಲ ವಾಕ್ಯವೇ "ನಾವು ಐದು ಜನ ಇದ್ದೀವಿ" ಆಗಿರಲಿ. ಕರೆದವರು ಇಬ್ಬರನ್ನಷ್ಟೇ ನೋಡಿರುತ್ತಾರೆ. ನೀರು, ಹೊದಿಕೆ ನಿಮ್ಮದೇ ಒಯ್ಯಿರಿ, ಬೇಗ ಮಲಗಿ ಬೇಗ ಹೊರಡಿ. ಕೆಲಸ ಮಾಡಿಕೊಟ್ಟವರಿಗೆ, ಅಂದರೆ ಕೆಸರಿನಿಂದ ಎಳೆದವರಿಗೆ, ಪಂಕ್ಚರ್ ಹಾಕಿದವರಿಗೆ ದುಡ್ಡು ಕೊಡಿ. ಉಣಬಡಿಸಿದವರಿಗೆ ದುಡ್ಡು ನೀಡಿದರೆ ಬೇಜಾರಾಗಬಹುದು, ಬದಲಿಗೆ ಮನೆಗೆ ಬಳಕೆಗೆ ಬರುವುದೇನಾದರೂ ಕೊಡಿ.

ಲಿಫ್ಟ್ ಪ್ರಶ್ನೆ ನಿಮಗೆ ಏಳುವುದೇ ಇಲ್ಲ, ಸೀಟು ಐದು, ನೀವು ಐದು. ಆರನೆಯವರನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಬೆಲ್ಟೂ ಇಲ್ಲ, ವಿಮೆಗೂ ತೊಂದರೆ. ಆದರೆ ಗಾಡಿ ಕೆಟ್ಟು ನಿಂತವರಿಗೆ ನೀರು ಕೊಡಬಹುದು, ಮುಂದಿನ ಊರಿನ ಗ್ಯಾರೇಜಿಗೆ ಸುದ್ದಿ ಮುಟ್ಟಿಸಬಹುದು. ಕತ್ತಲಲ್ಲಿ, ಜನರಿಲ್ಲದ ಕಡೆ ಯಾರೋ ಕೈ ಅಡ್ಡ ಹಾಕಿದರೆ ಅಲ್ಲೇ ನಿಲ್ಲಿಸಬೇಡಿ, ಬೆಳಕಿರುವ ಕಡೆ ನಿಲ್ಲಿಸಿ ಫೋನ್ ಮಾಡಿ. 112 ಬಹುತೇಕ ದೇಶಗಳ ಮೊಬೈಲ್ ಜಾಲಗಳಲ್ಲಿ ತುರ್ತು ಸೇವೆಗೆ ಸೇರುತ್ತದೆ. ಜಾಗ ಹೇಳಲು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೆರವಾಗುತ್ತದೆ.

ಹೊಳೆದಾಟು
ಮಳೆಗಾಲವಾದರೆ ಒಂದು ಸೇರಿಸುತ್ತೇನೆ. ರಸ್ತೆ ಮೇಲೆ ಹರಿಯುವ ನೀರು 15 ಸೆಂ.ಮೀ. ಇದ್ದರೂ ಸಣ್ಣ ಕಾರಿನ ತಳ ಮುಟ್ಟಿ ಹಿಡಿತ ತಪ್ಪಬಹುದು, 30 ಸೆಂ.ಮೀ.ಗೆ ಬಹಳಷ್ಟು ಕಾರುಗಳು ತೇಲತೊಡಗುತ್ತವೆ. ಲಾರಿ ದಾಟಿತು ಅನ್ನುವುದು ನಿಮಗೆ ಪುರಾವೆಯಲ್ಲ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಒತ್ತಿಸಿಕೊಳ್ಳುವುದಿಲ್ಲ, ಇಂಜಿನ್ನಿನ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರತನ್ನಿ, ತಳ್ಳಲು ಐದು ಜನ ಇದ್ದೀರಲ್ಲ.

ದಾರಿಹೋಕ
ಎಲ್ಲರಿಗೂ ಧನ್ಯವಾದ. 15 ದಿನ ರಜೆ ಸಿಗುವುದಿಲ್ಲ, 13ಕ್ಕೆ ಒಪ್ಪಿದ್ದಾರೆ. ಹಾಗಾಗಿ ದೂರವನ್ನೇ 3500ಕ್ಕೆ ಇಳಿಸಿದ್ದೇವೆ. 10 ದಿನ ಓಟ, 3 ದಿನ ಖಾಲಿ. ಎರಡು ಪ್ರಶ್ನೆ ಉಳಿದಿವೆ. ಗೆಳೆಯರ ನಡುವೆ ಜಗಳ ಬಂದರೆ ಕೊನೆಯ ಮಾತು ಯಾರದು? ಮತ್ತೆ ಸ್ಟೆಪ್ನಿ ಸರ್, ನಮ್ಮ ಚಕ್ರದಲ್ಲಿ ಒಂದೊಂದು ನಟ್ ಬೇರೆ ಥರ ಇದೆ, ಬೀಗದ್ದೇ ಇರಬೇಕು. ಕೀ ಎಲ್ಲೂ ಸಿಗುತ್ತಿಲ್ಲ!

ರಾತ್ರಿಪಾಳಿ
ವೇಗ, ನಿಲ್ಲಿಸುವುದು: ಸ್ಟೀರಿಂಗ್ ಹಿಡಿದವರದು. ದಾರಿ: ಪಕ್ಕದ ಸೀಟಿನವರದು. ಹಾಡು: ಹಿಂದಿನ ಮೂವರದು. "ನಿಧಾನ ಮಾಡು" ಅಂತ ಯಾರು ಹೇಳಿದರೂ ಚರ್ಚೆ ಇಲ್ಲದೆ ನಿಧಾನ. ನಡುವಿನ ಸೀಟು ಎಲ್ಲರಿಗೂ ಸರದಿ, ಕಾರಿನ ಒಡೆಯನಿಗೂ.

ಸ್ಟೆಪ್ನಿ
ನೋಡಿ, ಇದಕ್ಕೇ ಹೇಳಿದ್ದು. ಗ್ಲವ್ ಬಾಕ್ಸು, ಜಾಕಿನ ಚೀಲ, ಸ್ಟೆಪ್ನಿಯ ನಡುವಿನ ಗುಂಡಿ, ಡಿಕ್ಕಿಯ ಪಕ್ಕದ ಸಂದಿ ಹುಡುಕಿ. ಇಲ್ಲದಿದ್ದರೆ ಕಾರಿನ ದಾಖಲೆಗಳ ಜೊತೆ ಒಂದು ಸಣ್ಣ ಕಾರ್ಡಿನಲ್ಲಿ ಕೀ ಸಂಖ್ಯೆ ಇರಬಹುದು, ಅದನ್ನು ಕೊಟ್ಟರೆ ಹೊಸ ಕೀ ತರಿಸಿಕೊಡುತ್ತಾರೆ. ಕಾರ್ಡೂ ಇಲ್ಲವೆಂದರೆ ಗ್ಯಾರೇಜಿನಲ್ಲಿ ನಾಲ್ಕೂ ಬೀಗದ ನಟ್ ಬಿಚ್ಚಿಸಿ ಮಾಮೂಲಿ ನಟ್ ಹಾಕಿಸಿ. ಅದೇ ಥ್ರೆಡ್ (ತಿರುಪಿನ ಸುತ್ತು), ಚಕ್ರದ ಮೇಲೆ ಕೂರುವ ಕಡೆ ಅದೇ ಆಕಾರದ್ದೇ ಆಗಬೇಕು, ಕೋನದ ಜಾಗಕ್ಕೆ ಗುಂಡನೆಯದು ಹಾಕಿದರೆ ಸಡಿಲವಾಗುತ್ತದೆ.

ಆಮೇಲೆ ಮನೆ ಮುಂದೆ, ಹಗಲಲ್ಲಿ, ಐವರೂ ಒಂದೊಂದು ಸಲ ಚಕ್ರ ಬಿಚ್ಚಿ ಹಾಕಿ. ನಟ್ ಅರ್ಧ ಸುತ್ತು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ, ಜಾಕ್ ಆಮೇಲೆ. ಬಿಗಿಯುವುದು ಎದುರು-ಬದುರು ಕ್ರಮದಲ್ಲಿ, ಕೊನೆಯ ಬಿಗಿ ಕೆಳಗಿಳಿಸಿದ ಮೇಲೆ, ಕೈಪಿಡಿಯ ಅಳತೆಗೆ. ಪಾನೆಯ ಮೇಲೆ ಹತ್ತಿ ಕುಣಿಯುವುದು ಬೇಡ, ಬೋಲ್ಟ್ ಹಿಗ್ಗುತ್ತದೆ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಇನ್ನೊಂದು, ಜಾಕ್ ಮತ್ತು ತ್ರಿಕೋನ ಫಲಕವನ್ನು ಡಿಕ್ಕಿಯ ಅಡಿಯಿಂದ ತೆಗೆದು ಮುಂದಿನ ಸೀಟಿನ ಕೆಳಗೆ ಇಡಿ. ಇಲ್ಲವಾದರೆ ಪಂಕ್ಚರ್ ಆದಾಗ 35 ಕೆ.ಜಿ. ಬಟ್ಟೆಯನ್ನು ಮಳೆಯಲ್ಲಿ ರಸ್ತೆ ಮೇಲೆ ಹರಡಬೇಕಾಗುತ್ತದೆ.

ದಾರಿಹೋಕ
ಕೀ ಸಿಕ್ಕಿತು, ಸ್ಟೆಪ್ನಿಯ ನಡುವಿನ ಗುಂಡಿಯಲ್ಲೇ ಇತ್ತು. ಸ್ಟೆಪ್ನಿಯ ಗಾಳಿ ಅಳೆದೆವು, 11 ಪಿಎಸ್‌ಐ.